ಹೊಸ ಫೋನಿನಲ್ಲಿ ಹಳೆಯ ಛಾಯಾಚಿತ್ರಗಳು: ಕ್ಲೌಡ್ ಸಂಗ್ರಹದಿಂದ ಮರಳಿ ಪಡೆಯುವ ಕ್ರಮ

ಪೀಠಿಕೆ

ಕುಟುಂಬದ ಛಾಯಾಚಿತ್ರಗಳು ಒಂದು ಕಾಲದಲ್ಲಿ ಆಲ್ಬಮ್ಮುಗಳಲ್ಲಿ, ಗೋಡೆಯ ಚೌಕಟ್ಟುಗಳಲ್ಲಿ ಹಾಗೂ ಸ್ಟುಡಿಯೋದವರು ಕೊಡುತ್ತಿದ್ದ ನೆಗೆಟಿವ್ ಲಕೋಟೆಗಳಲ್ಲಿ ಉಳಿಯುತ್ತಿದ್ದವು. ಮುದ್ರಿತ ಪ್ರತಿ ಹಾಳಾದರೂ ನೆಗೆಟಿವ್ ಇದ್ದಲ್ಲಿ ಮತ್ತೊಂದು ಪ್ರತಿಯನ್ನು ಪಡೆಯಬಹುದಾಗಿತ್ತು. ಇಂದು ಮದುವೆ, ನಾಮಕರಣ, ಊರಿನ ಜಾತ್ರೆ, ತೀರಿಕೊಂಡ ಹಿರಿಯರ ಮುಖ ಇವೆಲ್ಲವೂ ಅನೇಕ ಮನೆಗಳಲ್ಲಿ ಸ್ಮಾರ್ಟ್‌ಫೋನಿನಲ್ಲಿ ಮಾತ್ರ ಉಳಿದಿವೆ. ಕ್ಲೌಡ್ ಸಂಗ್ರಹದಲ್ಲಿರುವ ಪ್ರತಿಯೇ ಈ ಕಾಲದ ನೆಗೆಟಿವ್ ಎನ್ನಬಹುದು.

ಫೋನು ಕಳೆದುಹೋದಾಗ ಆಗುವಂತಹ ನಷ್ಟವು ಫೋನು ಬದಲಾಯಿಸುವಾಗ ತೋರುವ ಆತುರದಿಂದಲೂ ಆಗಬಹುದು. ಚಿತ್ರಗಳು ಸುರಕ್ಷಿತವಾಗಿವೆ ಎಂದು ನಂಬಿ ಹಳೆಯ ಫೋನನ್ನು ಅಂಗಡಿಗೆ ಒಪ್ಪಿಸಿದ ಮೇಲೆ, ಖಾತೆಯ ಪಾಸ್‌ವರ್ಡ್ ನೆನಪಿಲ್ಲವೆಂಬುದೋ ಕೆಲವು ಚಿತ್ರಗಳು ಕ್ಲೌಡಿಗೆ ಸೇರಿಯೇ ಇರಲಿಲ್ಲವೆಂಬುದೋ ತಿಳಿದುಬಂದರೆ ಪರಿಹಾರ ಕಷ್ಟಸಾಧ್ಯ. ಆದುದರಿಂದ ಈ ವಿಷಯದಲ್ಲಿ ಪಾಲಿಸಬೇಕಾದ ಮೂಲ ನಿಯಮ ಒಂದೇ: ಹೊಸ ಫೋನಿನಲ್ಲಿ ಚಿತ್ರಗಳು ತೆರೆಯುವುದನ್ನು ಕಣ್ಣಾರೆ ಕಂಡ ನಂತರವೇ ಹಳೆಯ ಫೋನನ್ನು ಖಾಲಿ ಮಾಡಬೇಕು.

ಕ್ಲೌಡ್ ಎಂದರೇನು?

ಕ್ಲೌಡ್ ಎಂಬ ಪದಕ್ಕೆ ಮೋಡ ಎಂದು ಅರ್ಥ. ವಾಸ್ತವದಲ್ಲಿ ಚಿತ್ರಗಳು ಸೇವಾ ಸಂಸ್ಥೆಯ ದತ್ತಾಂಶ ಕೇಂದ್ರಗಳಲ್ಲಿರುವ ಕಂಪ್ಯೂಟರುಗಳಲ್ಲಿ ಶೇಖರವಾಗುತ್ತವೆ. ಫೋನಿನಿಂದ ಅಲ್ಲಿಗೆ ಚಿತ್ರಗಳ ಪ್ರತಿಯನ್ನು ಇಂಟರ್‌ನೆಟ್ ಮೂಲಕ ಕಳುಹಿಸುವುದಕ್ಕೆ ಬ್ಯಾಕಪ್ ಎಂದು ಹೆಸರು. ಈ ಸಂಗ್ರಹವು ಫೋನಿಗೆ ಸೇರಿದುದಲ್ಲ, ಖಾತೆಗೆ ಸೇರಿದುದು. ಬ್ಯಾಂಕಿನ ಲಾಕರಿಗೆ ಕೀಲಿ ಹೇಗೋ ಹಾಗೆ ಈ ಸಂಗ್ರಹಕ್ಕೆ ಖಾತೆಯ ಹೆಸರು ಮತ್ತು ಪಾಸ್‌ವರ್ಡ್.

ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಗೂಗಲ್ ಫೋಟೋಸ್, ಐಫೋನುಗಳಲ್ಲಿ ಐಕ್ಲೌಡ್ ಬಳಕೆಯಲ್ಲಿವೆ. ಗೂಗಲ್ ಖಾತೆಯಲ್ಲಿ ಉಚಿತವಾಗಿ 15 ಜಿಬಿ ಸ್ಥಳಾವಕಾಶವಿದ್ದು, ಜಿಮೇಲ್, ಡ್ರೈವ್ ಮತ್ತು ಫೋಟೋಸ್ ಮೂರೂ ಅದನ್ನು ಹಂಚಿಕೊಳ್ಳುತ್ತವೆ. 2021ರ ಜೂನ್ 1ರವರೆಗೆ ಗಾತ್ರ ತಗ್ಗಿಸಿದ ಚಿತ್ರಗಳಿಗೆ ಮಿತಿಯಿಲ್ಲದ ಉಚಿತ ಅವಕಾಶವಿತ್ತು. ಆ ದಿನಾಂಕದಿಂದ ಸೇರಿಸುವ ಚಿತ್ರಗಳು ಈ ಮಿತಿಯೊಳಗೆ ಲೆಕ್ಕವಾಗುತ್ತವೆ. ಐಕ್ಲೌಡಿನಲ್ಲಿ ಉಚಿತ ಅವಕಾಶ 5 ಜಿಬಿ. ಒಂದು ಚಿತ್ರಕ್ಕೆ ಸರಾಸರಿ 4 ಎಂಬಿ ಎಂದು ಹಿಡಿದರೆ 5 ಜಿಬಿಯಲ್ಲಿ ಸುಮಾರು 1,250, 15 ಜಿಬಿಯಲ್ಲಿ ಸುಮಾರು 3,750 ಚಿತ್ರಗಳು ಹಿಡಿಯುತ್ತವೆ. ಸ್ಥಳ ತುಂಬಿದ ಮೇಲೆ ಬ್ಯಾಕಪ್ ನಿಲ್ಲುತ್ತದೆ. ಫೋನು ಎಂದಿನಂತೆ ಚಿತ್ರ ತೆಗೆಯುತ್ತಲೇ ಇರುವುದರಿಂದ ಇದು ಎಷ್ಟೋ ವೇಳೆ ಗಮನಕ್ಕೇ ಬರುವುದಿಲ್ಲ.

ಅಳಿಸುವ ಮುನ್ನ ತಿಳಿಯಬೇಕಾದ ವ್ಯತ್ಯಾಸ

ಈ ಎರಡೂ ಸೇವೆಗಳಲ್ಲಿ ಫೋನು ಮತ್ತು ಕ್ಲೌಡ್ ಪರಸ್ಪರ ಹೊಂದಿಕೊಂಡು ನಡೆಯುತ್ತವೆ. ಫೋನಿನ ಫೋಟೋಸ್ ಆ್ಯಪ್‌ನಲ್ಲಿ ಒಂದು ಚಿತ್ರವನ್ನು ಅಳಿಸಿದರೆ ಅದು ಕ್ಲೌಡಿನಿಂದಲೂ, ಅದೇ ಖಾತೆಯಿರುವ ಇತರ ಫೋನುಗಳಿಂದಲೂ ಮರೆಯಾಗುತ್ತದೆ. ಹಳೆಯ ಫೋನನ್ನು ಮಕ್ಕಳಿಗೆ ಕೊಡುವ ಮೊದಲು ಎಲ್ಲ ಚಿತ್ರಗಳನ್ನೂ ಆಯ್ದು ಅಳಿಸಿದಲ್ಲಿ, ಕಾಪಾಡಬೇಕಾಗಿದ್ದ ಪ್ರತಿಯೂ ಅವುಗಳೊಂದಿಗೆ ಹೋಗುತ್ತದೆ.

ಇದಕ್ಕೆ ಬದಲಾಗಿ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಫ್ಯಾಕ್ಟರಿ ರೀಸೆಟ್ ಸೌಲಭ್ಯವು ಫೋನಿನೊಳಗಿನದನ್ನು ಮಾತ್ರ ಅಳಿಸುತ್ತದೆ. ಕ್ಲೌಡಿನಲ್ಲಿರುವ ಪ್ರತಿ ಹಾಗೆಯೇ ಉಳಿಯುತ್ತದೆ. ತಪ್ಪಿ ಅಳಿಸಿದ ಚಿತ್ರಗಳಿಗೆ ಅಲ್ಪಕಾಲದ ರಕ್ಷಣೆಯೂ ಇದೆ. ಬ್ಯಾಕಪ್ ಆಗಿದ್ದ ಚಿತ್ರಗಳು ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತವೆ. ಐಫೋನಿನಲ್ಲಿ ಇತ್ತೀಚೆಗೆ ಅಳಿಸಿದವುಗಳ ಆಲ್ಬಮ್ಮಿನಲ್ಲಿ ಅವು 30 ದಿನ ಉಳಿಯುತ್ತವೆ. ಈ ಅವಧಿಯೊಳಗೆ ಅವುಗಳನ್ನು ಮೊದಲಿನ ಸ್ಥಾನಕ್ಕೆ ಮರಳಿಸಬಹುದು.

ಹಳೆಯ ಫೋನಿನಲ್ಲಿ ಮಾಡಬೇಕಾದ ಪರಿಶೀಲನೆ

ಹೊಸ ಫೋನು ಮನೆಗೆ ಬಂದ ದಿನ ಮೊದಲು ಕೈಗೆತ್ತಿಕೊಳ್ಳಬೇಕಾದುದು ಹಳೆಯ ಫೋನನ್ನು. ಅದರಲ್ಲಿ ಕೆಳಕಂಡ ಅಂಶಗಳನ್ನು ಕ್ರಮವಾಗಿ ಪರಿಶೀಲಿಸತಕ್ಕದ್ದು.

1. ಖಾತೆ: ಫೋಟೋಸ್ ಆ್ಯಪ್ ತೆರೆದು ಮೇಲ್ಭಾಗದಲ್ಲಿರುವ ಖಾತೆಯ ಚಿಹ್ನೆಯನ್ನು ಒತ್ತಿದರೆ ಯಾವ ಇಮೇಲ್ ವಿಳಾಸಕ್ಕೆ ಚಿತ್ರಗಳು ಸೇರುತ್ತಿವೆ ಎಂಬುದು ಕಾಣುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಮೊದಲ ಸಾಲಿನಲ್ಲಿರುವ ಹೆಸರನ್ನು ಒತ್ತಿ ನೋಡಬೇಕು. ಅಂಗಡಿಯವರೋ ಬಂಧುಗಳೋ ಫೋನು ಸಿದ್ಧಪಡಿಸಿಕೊಟ್ಟಿದ್ದಲ್ಲಿ ಈ ವಿಳಾಸವು ಮಾಲೀಕರಿಗೇ ತಿಳಿಯದಿರುವುದುಂಟು. ಅದನ್ನು ಕಾಗದದಲ್ಲಿ ಬರೆದುಕೊಳ್ಳುವುದು ಅವಶ್ಯ.

2. ಬ್ಯಾಕಪ್ ಸ್ಥಿತಿ: ಬ್ಯಾಕಪ್ ಪೂರ್ಣಗೊಂಡಿದೆ ಎಂಬ ಸೂಚನೆ ಇದೆಯೇ, ಇನ್ನೂ ಚಿತ್ರಗಳು ಬಾಕಿ ಇವೆಯೇ ಎಂದು ನೋಡಬೇಕು. ಬಾಕಿ ಇದ್ದಲ್ಲಿ ಫೋನನ್ನು ಚಾರ್ಜಿಗೆ ಹಾಕಿ, ವೈಫೈ ಸಂಪರ್ಕ ಕೊಟ್ಟು, ಪೂರ್ಣಗೊಳ್ಳುವವರೆಗೆ ಕಾಯಬೇಕು.

3. ಫೋಲ್ಡರುಗಳು: ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಫೋಟೋಸ್ ಸಾಮಾನ್ಯವಾಗಿ ಕ್ಯಾಮೆರಾದಿಂದ ತೆಗೆದ ಚಿತ್ರಗಳನ್ನು ಮಾತ್ರ ತಾನಾಗಿ ಉಳಿಸುತ್ತದೆ. ವಾಟ್ಸಾಪ್ ಮೂಲಕ ಬಂದ ಚಿತ್ರಗಳು, ಡೌನ್‌ಲೋಡ್‌ಗಳು ಮತ್ತು ಸ್ಕ್ರೀನ್‌ಶಾಟ್‌ಗಳ ಫೋಲ್ಡರುಗಳಿಗೆ ಪ್ರತ್ಯೇಕವಾಗಿ ಬ್ಯಾಕಪ್ ಚಾಲನೆ ಮಾಡಬೇಕಾಗುತ್ತದೆ.

4. ಸ್ವತಂತ್ರ ಪರೀಕ್ಷೆ: ಮನೆಯವರ ಕಂಪ್ಯೂಟರಿನ ಬ್ರೌಸರಿನಲ್ಲಿ ಅದೇ ಖಾತೆಯನ್ನು ತೆರೆದು, ತೀರ ಹಳೆಯ ಚಿತ್ರ, ತೀರ ಹೊಸ ಚಿತ್ರ ಮತ್ತು ನಡುವಿನ ಕೆಲವನ್ನು ನೋಡಬೇಕು. ಫೋನಿನ ಸಹಾಯವಿಲ್ಲದೆ ಚಿತ್ರ ಕಾಣಿಸಿದರೆ ಅದು ಕ್ಲೌಡಿನಲ್ಲಿದೆ ಎಂಬುದು ಖಚಿತ.

ಸಂಖ್ಯೆ ಬದಲಾದವರು ವಹಿಸಬೇಕಾದ ಎಚ್ಚರಿಕೆ

ಹೊಸ ಫೋನಿನಲ್ಲಿ ಖಾತೆಗೆ ಪ್ರವೇಶಿಸುವಾಗ ಪಾಸ್‌ವರ್ಡಿನ ಜೊತೆಗೆ ಎರಡನೆಯ ದೃಢೀಕರಣವನ್ನು ಕೇಳುವುದುಂಟು. ಅದು ಹಳೆಯ ಫೋನಿನ ಪರದೆಯ ಮೇಲೆ ಮೂಡುವ ಪ್ರಶ್ನೆಯಾಗಿರಬಹುದು, ನೋಂದಾಯಿತ ಸಂಖ್ಯೆಗೆ ಬರುವ ಒಟಿಪಿ ಆಗಿರಬಹುದು. ಉದ್ಯೋಗದ ನಿಮಿತ್ತ ಕರ್ನಾಟಕದಿಂದ ಮುಂಬಯಿಗೋ ದೆಹಲಿಗೋ ಬಂದು ಹೊಸ ಸಿಮ್ ಪಡೆದವರ ಖಾತೆಗಳಲ್ಲಿ ಬಳಕೆಯಲ್ಲಿಲ್ಲದ ಊರಿನ ಸಂಖ್ಯೆಯೇ ಉಳಿದಿರುವ ಸಾಧ್ಯತೆಯಿದೆ. ನಿಂತುಹೋದ ಸಂಖ್ಯೆಯನ್ನು ಕಂಪನಿಯು ಕಾಲಾನಂತರ ಬೇರೊಬ್ಬ ಗ್ರಾಹಕರಿಗೆ ನೀಡಬಹುದು. ಆಗ ಖಾತೆಯ ಒಟಿಪಿ ಅಪರಿಚಿತರ ಕೈಸೇರುತ್ತದೆ.

ಆದ್ದರಿಂದ ಹಳೆಯ ಫೋನು ಕೆಲಸ ಮಾಡುತ್ತಿರುವಾಗಲೇ ಖಾತೆಯ ಭದ್ರತಾ ವಿಭಾಗದಲ್ಲಿ ಈಗಿನ ಸಂಖ್ಯೆಯನ್ನು ದಾಖಲಿಸಬೇಕು. 2015ರ ಜುಲೈ 3ರಿಂದ ದೇಶಾದ್ಯಂತ ಸಂಖ್ಯಾ ವರ್ಗಾವಣೆ ಜಾರಿಯಲ್ಲಿರುವುದರಿಂದ ರಾಜ್ಯ ಬದಲಾಯಿಸಿದವರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಲೂ ಅವಕಾಶವಿದೆ. ಎರಡು ಹಂತದ ದೃಢೀಕರಣವನ್ನು ಅಳವಡಿಸಿಕೊಂಡ ಗೂಗಲ್ ಖಾತೆದಾರರು 8 ಅಂಕಿಗಳ 10 ಬ್ಯಾಕಪ್ ಕೋಡ್‌ಗಳನ್ನು ಪಡೆಯಬಹುದು. ಇವನ್ನು ಕಾಗದದಲ್ಲಿ ಬರೆದು ಮನೆಯ ಮುಖ್ಯ ದಾಖಲೆಗಳೊಡನೆ ಇಟ್ಟರೆ ಫೋನು ಕಳೆದಾಗಲೂ ಖಾತೆಯ ಬಾಗಿಲು ಮುಚ್ಚುವುದಿಲ್ಲ.

ಹೊಸ ಆಂಡ್ರಾಯ್ಡ್ ಫೋನಿನಲ್ಲಿ

ಫೋನನ್ನು ಮೊದಲ ಬಾರಿಗೆ ಚಾಲನೆ ಮಾಡಿ ವೈಫೈ ಸಂಪರ್ಕ ಪಡೆದು, ಕಾಗದದಲ್ಲಿ ಬರೆದುಕೊಂಡ ಖಾತೆಯಿಂದಲೇ ಪ್ರವೇಶಿಸಬೇಕು. ಗೂಗಲ್ ಫೋಟೋಸ್ ತೆರೆದಾಗ ಅದೇ ಖಾತೆ ಆಯ್ಕೆಯಾಗಿದ್ದಲ್ಲಿ ಹಳೆಯ ಚಿತ್ರಗಳು ದಿನಾಂಕದ ಕ್ರಮದಲ್ಲಿ ಒಂದೊಂದಾಗಿ ಮೂಡುತ್ತವೆ. ಪ್ರತಿಯೊಂದನ್ನೂ ಫೋನಿಗೆ ಇಳಿಸಿಕೊಳ್ಳುವ ಅಗತ್ಯವಿಲ್ಲ. ಅವು ಕ್ಲೌಡಿನಲ್ಲೇ ಇದ್ದು, ತೆರೆದಾಗ ಇಂಟರ್‌ನೆಟ್ ಮೂಲಕ ಪೂರ್ಣ ರೂಪದಲ್ಲಿ ಕಾಣಿಸುತ್ತವೆ. ಸಂಪರ್ಕವಿಲ್ಲದ ಸ್ಥಳದಲ್ಲೂ ಬೇಕಾಗುವ ಚಿತ್ರಗಳನ್ನು ಆಯ್ದು ಡೌನ್‌ಲೋಡ್ ಮಾಡಿಕೊಂಡರೆ ಸಾಕು. ಇಡೀ ಸಂಗ್ರಹವನ್ನು ಕಂಪ್ಯೂಟರಿಗೆ ಪಡೆಯಬಯಸುವವರಿಗೆ ಗೂಗಲ್ ಟೇಕ್‌ಔಟ್ ಎಂಬ ಸೌಲಭ್ಯವಿದೆ.

ಇದೇ ಸಮಯದಲ್ಲಿ ಹೊಸ ಫೋನಿನ ಬ್ಯಾಕಪ್ ಚಾಲನೆಯಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು. ಹಳೆಯ ಚಿತ್ರಗಳು ಕಾಣುತ್ತಿರುವುದರಿಂದಲೇ ಹೊಸ ಚಿತ್ರಗಳು ಉಳಿಯುತ್ತಿವೆ ಎಂದು ಭಾವಿಸಲಾಗದು.

ಹೊಸ ಐಫೋನಿನಲ್ಲಿ

ಹಳೆಯ ಐಫೋನಿನಲ್ಲಿ ಐಕ್ಲೌಡ್ ಫೋಟೋಸ್ ಚಾಲನೆಯಲ್ಲಿದ್ದರೆ, ಹೊಸದರಲ್ಲಿ ಅದೇ ಆ್ಯಪಲ್ ಖಾತೆಯಿಂದ ಪ್ರವೇಶಿಸಿ, ಸೆಟ್ಟಿಂಗ್ಸ್‌ನ ಐಕ್ಲೌಡ್ ವಿಭಾಗದಲ್ಲಿ ಫೋಟೋಸ್ ಅನ್ನು ಚಾಲನೆ ಮಾಡಬೇಕು. ಅಲ್ಲಿ ಎರಡು ಆಯ್ಕೆಗಳಿವೆ. ಒಂದು, ಚಿಕ್ಕ ಪ್ರತಿಗಳನ್ನು ಫೋನಿನಲ್ಲಿಟ್ಟು ಮೂಲವನ್ನು ಕ್ಲೌಡಿನಲ್ಲೇ ಉಳಿಸುವುದು. ಇನ್ನೊಂದು, ಮೂಲ ಚಿತ್ರಗಳೆಲ್ಲವನ್ನೂ ಫೋನಿಗೆ ತರುವುದು. ಫೋನಿನ ಸ್ಥಳಾವಕಾಶ ಕಡಿಮೆಯಿದ್ದರೆ ಮೊದಲನೆಯದು ಸೂಕ್ತ.

ಐಕ್ಲೌಡ್ ಫೋಟೋಸ್ ಬಳಸದೆ ಫೋನಿನ ಒಟ್ಟಾರೆ ಬ್ಯಾಕಪ್ ಮಾತ್ರ ಇಟ್ಟಿದ್ದವರ ವಿಧಾನ ಬೇರೆ. ಆ ಬ್ಯಾಕಪ್‌ನಿಂದ ಮರಳಿ ಪಡೆಯುವ ಅವಕಾಶವು ಫೋನನ್ನು ಹೊಸದಾಗಿ ಸಿದ್ಧಪಡಿಸುವ ಹಂತದಲ್ಲಿ ದೊರೆಯುತ್ತದೆ. ಆ ಹಂತವನ್ನು ದಾಟಿದ್ದರೆ ಹೊಸ ಫೋನನ್ನು ಅಳಿಸಿ ಪುನಃ ಆರಂಭಿಸಬೇಕಾಗುತ್ತದೆ.

ವಾಟ್ಸಾಪ್ ಚಿತ್ರಗಳು

ವಾಟ್ಸಾಪ್ ತನ್ನದೇ ಬ್ಯಾಕಪ್ ಇಡುತ್ತದೆ: ಆಂಡ್ರಾಯ್ಡ್‌ನಲ್ಲಿ ಗೂಗಲ್ ಖಾತೆಗೆ, ಐಫೋನಿನಲ್ಲಿ ಐಕ್ಲೌಡಿಗೆ. ಮರಳಿ ಪಡೆಯಲು ಅದೇ ದೂರವಾಣಿ ಸಂಖ್ಯೆ ಮತ್ತು ಅದೇ ಖಾತೆ ಎರಡೂ ಬೇಕು. ಹೊಸ ಫೋನಿನಲ್ಲಿ ವಾಟ್ಸಾಪ್ ಸ್ಥಾಪಿಸಿ ಸಂಖ್ಯೆಯನ್ನು ದೃಢಪಡಿಸಿದೊಡನೆ ಬರುವ ಮರಳಿಸುವ ಸೂಚನೆಯನ್ನು ದಾಟಿ ಹೋಗಬಾರದು. ಬ್ಯಾಕಪ್‌ಗೆ ಗೂಢಲಿಪಿ ರಕ್ಷಣೆ ಹಾಕಿದ್ದವರು ಅದರ ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀಲಿಯನ್ನು ನೀಡಬೇಕು. ಅದು ಮರೆತುಹೋದರೆ ವಾಟ್ಸಾಪ್ ಸಂಸ್ಥೆಯೂ ಆ ಬ್ಯಾಕಪ್ಪನ್ನು ತೆರೆಯಲಾರದು.

ಎಷ್ಟು ಕಾಲ ಹಿಡಿಯುತ್ತದೆ?

20 ಜಿಬಿ ಚಿತ್ರಗಳನ್ನು ಪೂರ್ಣವಾಗಿ ಇಳಿಸಿಕೊಳ್ಳಲು ಸೆಕೆಂಡಿಗೆ 20 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಲೆಕ್ಕದ ಪ್ರಕಾರ ಸುಮಾರು 2 ಗಂಟೆ 15 ನಿಮಿಷ ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು ಹಿಡಿಯಬಹುದು. ದಿನಕ್ಕೆ 1.5 ಜಿಬಿ ಮಿತಿಯ ಮೊಬೈಲ್ ಡೇಟಾದಲ್ಲಿ ಇದೇ ಕೆಲಸಕ್ಕೆ 14 ದಿನಗಳಾಗುತ್ತವೆ. ಆದುದರಿಂದ ವೈಫೈ ಇರುವೆಡೆ ರಾತ್ರಿಯ ವೇಳೆ ಫೋನನ್ನು ಚಾರ್ಜಿಗಿಟ್ಟು ಈ ಕೆಲಸ ನಡೆಸುವುದು ಲೇಸು. ಮೊದಲ ದಿನವೇ ಎಲ್ಲ ಚಿತ್ರಗಳೂ ಕಾಣದಿದ್ದರೆ ಗಾಬರಿಗೊಳ್ಳಬೇಕಾಗಿಲ್ಲ.

ಮರುದಿನವೂ ಕಾಣದಿದ್ದಲ್ಲಿ ಮೂರು ಸಂಗತಿಗಳನ್ನು ನೋಡಬೇಕು: ಬೇರೆ ಖಾತೆಯಿಂದ ಪ್ರವೇಶವಾಗಿದೆಯೇ, ಚಿತ್ರಗಳು ಆರ್ಕೈವ್ ಅಥವಾ ಕಸದ ಬುಟ್ಟಿಯಲ್ಲಿವೆಯೇ, ಆ ಚಿತ್ರಗಳಿದ್ದ ಫೋಲ್ಡರಿಗೆ ಬ್ಯಾಕಪ್ ಇತ್ತೇ. ಮೂರನೆಯದಕ್ಕೆ ಉತ್ತರ ಇಲ್ಲವೆಂದಾದರೆ ಆ ಚಿತ್ರಗಳು ಹಳೆಯ ಫೋನಿನಲ್ಲಿ ಮಾತ್ರ ಇವೆ. ಅದನ್ನು ಇನ್ನೂ ಖಾಲಿ ಮಾಡಿರದಿದ್ದರೆ ಎಲ್ಲವೂ ಕೈಗೆ ಸಿಗುತ್ತವೆ.

ಹಳೆಯ ಫೋನಿನ ವಿಲೇವಾರಿ

ಹೊಸ ಫೋನಿನಲ್ಲಿ ಎಲ್ಲವೂ ಸರಿಯಿದೆ ಎಂದು ಖಚಿತವಾದ ಮೇಲೂ ಕೆಲವು ದಿನ ಹಳೆಯ ಫೋನನ್ನು ಇಟ್ಟುಕೊಳ್ಳುವುದು ವಿವೇಕ. ಅನಂತರ ಖಾತೆಯನ್ನು ಅದರಿಂದ ತೆಗೆದು, ಐಫೋನಾದರೆ ಫೈಂಡ್ ಮೈ ಸೌಲಭ್ಯವನ್ನು ನಿಲ್ಲಿಸಿ, ಫ್ಯಾಕ್ಟರಿ ರೀಸೆಟ್ ಮಾಡಬೇಕು. ಸಿಮ್ ಮತ್ತು ಮೆಮೊರಿ ಕಾರ್ಡುಗಳನ್ನು ಹೊರತೆಗೆಯಲು ಮರೆಯಬಾರದು. ಫೋನು ಕಳವಾಗಿದ್ದಲ್ಲಿ, 2023ರ ಮೇ ತಿಂಗಳಲ್ಲಿ ಆರಂಭವಾದ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಮೂಲಕ ಅದರ ಐಎಂಇಐ ಸಂಖ್ಯೆಯನ್ನು ತಡೆಹಿಡಿಯಲು ಕೋರಬಹುದು. ಫೋನಿನಲ್ಲಿ *#06# ಒತ್ತಿದರೆ ಕಾಣುವ ಈ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಉತ್ತಮ.

ವಂಚಕರಿಂದ ರಕ್ಷಣೆ

ಕಳೆದುಹೋದ ಚಿತ್ರಗಳನ್ನು ಮರಳಿಸಿಕೊಡುವುದಾಗಿ ಹೇಳಿ ಒಟಿಪಿ ಕೇಳುವವರನ್ನೂ, ಫೋನಿನ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಸುವವರನ್ನೂ ನಂಬಬಾರದು. ಖಾತೆಯ ಒಟಿಪಿ ಕೊಟ್ಟವರು ಚಿತ್ರಗಳನ್ನಷ್ಟೇ ಅಲ್ಲದೆ ಅದಕ್ಕೆ ಸೇರಿದ ಪತ್ರವ್ಯವಹಾರವನ್ನೂ ಒಪ್ಪಿಸಿದಂತಾಗುತ್ತದೆ. ಸಹಾಯವಾಣಿಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ಕರೆ ಮಾಡುವುದಕ್ಕಿಂತ ಆ್ಯಪ್‌ನೊಳಗಿನ ಸಹಾಯ ವಿಭಾಗವನ್ನು ಬಳಸುವುದು ಸುರಕ್ಷಿತ. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ನೀಡಬೇಕು.

ಹಿರಿಯರ ಖಾತೆಗಳು

ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಗೂಗಲ್ ಖಾತೆಯನ್ನು ಅದರಲ್ಲಿರುವ ಚಿತ್ರಗಳೊಂದಿಗೆ ಅಳಿಸಬಹುದೆಂಬ ನಿಯಮವನ್ನು ಆ ಸಂಸ್ಥೆಯು 2023ರಲ್ಲಿ ಪ್ರಕಟಿಸಿದೆ. ಊರಿನಲ್ಲಿರುವ ತಂದೆತಾಯಿಗಳ ಫೋನು ಬದಲಾದಾಗ ಹೊಸ ಖಾತೆ ತೆರೆದುಕೊಟ್ಟರೆ ಹಳೆಯ ಖಾತೆ ಹೀಗೆ ಬಳಕೆ ತಪ್ಪುತ್ತದೆ. ಅವರ ಹಳೆಯ ಖಾತೆಯನ್ನೇ ಹೊಸ ಫೋನಿನಲ್ಲಿ ಮುಂದುವರಿಸುವುದು ಒಳ್ಳೆಯದು. ತಮ್ಮ ನಂತರ ಖಾತೆ ಯಾರಿಗೆ ಸಿಗಬೇಕೆಂದು ಸೂಚಿಸುವ ಸೌಲಭ್ಯವೂ ಗೂಗಲ್ ಮತ್ತು ಆ್ಯಪಲ್ ಎರಡರಲ್ಲೂ ಇದೆ. ಊರಿಗೆ ಹೋದಾಗ ಹಿರಿಯರೊಡನೆ ಕುಳಿತು ಇದನ್ನು ಮಾಡಿಡಬಹುದು.

ಉಪಸಂಹಾರ

ಕ್ಲೌಡ್ ಉಪಯುಕ್ತ ಸಾಧನವಾದರೂ ಅದೊಂದನ್ನೇ ನೆಚ್ಚುವುದು ಸರಿಯಲ್ಲ. ಅತಿ ಮುಖ್ಯವಾದ ಚಿತ್ರಗಳ ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿರಿಸಿ, ಆಯ್ದ ಕೆಲವನ್ನು ಮುದ್ರಿಸಿಟ್ಟುಕೊಂಡರೆ ಕುಟುಂಬದ ನೆನಪುಗಳಿಗೆ ಒಂದಕ್ಕಿಂತ ಹೆಚ್ಚು ಆಸರೆ ದೊರೆಯುತ್ತದೆ. ಖಾತೆಯ ವಿವರ ಬರೆದಿಡುವುದು, ಚಾಲ್ತಿಯಲ್ಲಿರುವ ಸಂಖ್ಯೆಯನ್ನು ದಾಖಲಿಸುವುದು, ಬ್ಯಾಕಪ್ ಪೂರ್ಣಗೊಳಿಸುವುದು, ಹೊಸ ಫೋನಿನಲ್ಲಿ ಚಿತ್ರಗಳನ್ನು ತೆರೆದು ನೋಡುವುದು, ಕೊನೆಯಲ್ಲಿ ಹಳೆಯ ಫೋನನ್ನು ಖಾಲಿ ಮಾಡುವುದು: ಈ ಕ್ರಮವನ್ನು ತಪ್ಪದೆ ಅನುಸರಿಸಿದಲ್ಲಿ ಫೋನುಗಳು ಎಷ್ಟು ಬದಲಾದರೂ ಚಿತ್ರಗಳು ಮನೆಯವರ ಪಾಲಿಗೆ ಉಳಿಯುತ್ತವೆ.