ಗುಂಡಿಯೊತ್ತುವ ಕಾರಿಗೆ ರಿಮೋಟ್ ಸ್ಟಾರ್ಟರ್: ಗ್ಯಾರೇಜು ಉದ್ಯಮಿಗಳು ತಿಳಿದಿರಬೇಕಾದ ಸಂಗತಿಗಳು

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ಕೃಷಿಕರಿಗೆ ಯಂತ್ರವನ್ನು ದೂರದಿಂದ ಚಾಲನೆಗೊಳಿಸುವುದು ಹೊಸ ಸಂಗತಿಯೇನಲ್ಲ. ತ್ರೀ ಫೇಸ್ ವಿದ್ಯುತ್ ಬಂದೊಡನೆ ಮೋಟಾರನ್ನು ತಾನಾಗಿಯೇ ಚಾಲೂ ಮಾಡುವ ಆಟೋ ಸ್ಟಾರ್ಟರು ಪಂಪ್‌ಸೆಟ್ ಮನೆಗಳನ್ನು ಸೇರಿ ಬಹುಕಾಲವಾಗಿದೆ. ಅದರ ಬೆನ್ನಿಗೇ ಪುಣೆಯ ‘ನ್ಯಾನೋ ಗಣೇಶ್’, ಬೆಂಗಳೂರಿನ ‘ಕಿಸಾನ್ ರಾಜ’ದಂತಹ ಮೊಬೈಲ್ ಸ್ಟಾರ್ಟರುಗಳೂ ಬಂದವು. ಇಂತಹ ಪೆಟ್ಟಿಗೆಯನ್ನು ಅಳವಡಿಸಿ ಬಲ್ಲ ಎಲೆಕ್ಟ್ರಿಷಿಯನ್ನರ ಮುಂದೆ, ಕೀಲಿ ತಿರುಗಿಸದೆ ಗುಂಡಿಯೊತ್ತಿ ಚಾಲೂ ಮಾಡುವ ಕಾರನ್ನು ತಂದು ನಿಲ್ಲಿಸಿ, ‘ಇದಕ್ಕೂ ಒಂದು ರಿಮೋಟ್ ಹಾಕಿಕೊಡಿ’ ಎಂದು ಗ್ರಾಹಕರು ಕೇಳುವುದು ಸಹಜವೇ. ಈ ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ ಅದರ ಒಳಹೊರಗನ್ನು ಅರಿತಿರುವುದು ನಮ್ಮ ಸದಸ್ಯ ಉದ್ಯಮಿಗಳಿಗೆ ಅಗತ್ಯವೆಂಬ ಕಾರಣದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ರಿಮೋಟ್ ಸ್ಟಾರ್ಟರು ಬಳಕೆಗೆ ಬಂದು ಜನಪ್ರಿಯವಾದುದು ಕೆನಡಾ ಹಾಗೂ ಅಮೆರಿಕದ ಶೀತ ಪ್ರದೇಶಗಳಲ್ಲಿ. ಅಲ್ಲಿ ಹಿಮಗಟ್ಟಿದ ಗಾಜು ಕರಗಲೆಂದು, ಆಸನ ಬೆಚ್ಚಗಾಗಲೆಂದು ಮನೆಯೊಳಗಿನಿಂದಲೇ ಎಂಜಿನ್ ಚಾಲೂ ಮಾಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಪ್ರಯೋಜನ ಇದಕ್ಕೆ ತದ್ವಿರುದ್ಧ: ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಂತು ಕಾದ ಕಾರು, ಹತ್ತುವ ಮೊದಲೇ ತಣ್ಣಗಾಗಬೇಕೆಂಬ ಅಪೇಕ್ಷೆ.

ತಿರುಗಿಸುವ ಕೀಲಿಯ ಹಳೆಯ ಕಾರುಗಳಲ್ಲಿ ಕೆಲಸ ಸರಳವಾಗಿತ್ತು. ಸ್ಟೀರಿಂಗ್ ಕೆಳಗಿನ ಸ್ವಿಚ್ಚಿಗೆ ಬ್ಯಾಟರಿಯಿಂದ ಬರುವ ದಪ್ಪ ತಂತಿಯೊಂದು, ಇಗ್ನಿಷನ್ನಿಗೆ, ಬಿಡಿ ಸಲಕರಣೆಗಳಿಗೆ ಹಾಗೂ ಸೆಲ್ಫ್ ಮೋಟಾರಿಗೆ ಹೋಗುವ ತಂತಿಗಳು ಸೇರಿರುತ್ತಿದ್ದವು. ರಿಮೋಟ್ ಪೆಟ್ಟಿಗೆಯು ಕೈ ತಿರುಗಿಸುವ ಕ್ರಮದಲ್ಲಿಯೇ ಆಯಾ ತಂತಿಗೆ ರಿಲೇ ಮೂಲಕ ವಿದ್ಯುತ್ ಕೊಟ್ಟರೆ ಸಾಕಿತ್ತು. ಗುಂಡಿಯ ಕಾರಿನಲ್ಲಿ ಈ ಲೆಕ್ಕಾಚಾರ ನಡೆಯದು. ಆ ಗುಂಡಿಯ ಹಿಂದಿರುವುದು ಸೆಲ್ಫ್ ಮೋಟಾರಿನ ತಂತಿಯಲ್ಲ, ಕಾರಿನ ಗಣಕಕ್ಕೆ ಹೋಗುವ ಸಣ್ಣ ಸಂಕೇತ ತಂತಿ. ಗುಂಡಿಯೊತ್ತುವುದೆಂದರೆ ಆಜ್ಞೆಯಲ್ಲ, ಬರೀ ಅರ್ಜಿ ಸಲ್ಲಿಸಿದಂತೆ. ಬ್ರೇಕ್ ಅಥವಾ ಕ್ಲಚ್ ಒತ್ತಲಾಗಿದೆಯೇ, ಗೇರು ಸರಿಯಾದ ಸ್ಥಾನದಲ್ಲಿದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ಕಾರಿನದೇ ಕೀಲಿ ಒಳಗಿದೆಯೇ ಎಂದು ಗಣಕವು ಪರಿಶೀಲಿಸಿ ತೃಪ್ತಿಗೊಂಡ ಬಳಿಕವಷ್ಟೇ ಅರ್ಜಿ ಮಂಜೂರಾಗುತ್ತದೆ.

ಮೊದಲೆರಡು ಷರತ್ತುಗಳನ್ನು ಪೂರೈಸುವುದು ಕಷ್ಟವಲ್ಲ; ತೊಡಕಿರುವುದು ಕೀಲಿಯ ವಿಷಯದಲ್ಲಿ. ಕಾರಿನೊಳಗಿನ ಸಣ್ಣ ಆಂಟೆನಾಗಳು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆಯಲ್ಲಿ ಕೀಲಿಯನ್ನು ಕೂಗಿ ಕರೆಯುತ್ತವೆ. ಆ ಅಲೆ ಒಂದೆರಡು ಮೀಟರ್ ದಾಟಿ ಹೋಗದಿರುವುದರಿಂದಲೇ ಕೀಲಿ ಒಳಗಿದೆಯೋ ಹೊರಗಿದೆಯೋ ಎಂಬುದು ಕಾರಿಗೆ ತಿಳಿಯುತ್ತದೆ. ಕೀಲಿಯು ನೂರಾರು ಮೆಗಾಹರ್ಟ್ಸ್ ಅಲೆಯಲ್ಲಿ ಗುಪ್ತ ಲಿಪಿಯ ಉತ್ತರ ಕಳುಹಿಸುತ್ತದೆ. ಉತ್ತರ ಹೊಂದದಿದ್ದರೆ ಎಂಜಿನ್ ಏಳದು. ರಿಮೋಟ್ ಸ್ಟಾರ್ಟರು ಕೆಲಸ ಮಾಡಬೇಕಾದುದಾದರೋ ಕೀಲಿ ಒಳಗಿಲ್ಲದಾಗಲೇ. ಕಳ್ಳತನ ತಡೆಯಲು ಕಟ್ಟಿದ ಬೇಲಿಯನ್ನು ಮಾಲೀಕನೇ ದಾಟಬೇಕಾದ ಪರಿಸ್ಥಿತಿ ಇದು.

ದಾಟಲು ಎರಡು ಹಾದಿಗಳಿವೆ. ಎರಡನೆಯ ಕೀಲಿಯನ್ನು ಡ್ಯಾಶ್‌ಬೋರ್ಡಿನ ಒಳಗೆ ಅಡಗಿಸಿ, ರಿಮೋಟ್ ಒತ್ತಿದ ಕ್ಷಣದಲ್ಲಿ ಮಾತ್ರ ಅದಕ್ಕೆ ವಿದ್ಯುತ್ ಸಿಗುವಂತೆ ತಂತಿ ಎಳೆಯುವುದು ಮೊದಲನೆಯದು. ಇದು ಅಗ್ಗ, ಆದರೆ ಸದಸ್ಯರಿಗೆ ಇದನ್ನು ಶಿಫಾರಸು ಮಾಡಲಾಗದು. ಕಾರು ಕಳುವಾದರೆ ವಿಮಾ ಕಂಪನಿಯವರು ಪರಿಹಾರಕ್ಕೆ ಮುನ್ನ ಎರಡೂ ಕೀಲಿಗಳನ್ನು ಕೇಳುವುದು ವಾಡಿಕೆ. ಒಂದು ಕೀಲಿ ಕಾರಿನ ಜೊತೆಯಲ್ಲಿಯೇ ಹೋಗಿದ್ದರೆ ಮಾಲೀಕನ ಬಳಿ ಉತ್ತರವಿರುವುದಿಲ್ಲ, ಅಳವಡಿಸಿಕೊಟ್ಟ ಗ್ಯಾರೇಜಿನವರ ಬಳಿಯೂ ಇರುವುದಿಲ್ಲ.

ಎರಡನೆಯದು ಬೈಪಾಸ್ ಮಾಡ್ಯೂಲ್. ಬಾಷ್ ಕಂಪನಿಯು 1986ರಲ್ಲಿ ಪ್ರಕಟಿಸಿದ ‘ಕ್ಯಾನ್’ ಎಂಬ ಸಂಪರ್ಕ ಪದ್ಧತಿಯಲ್ಲಿ ಕಾರಿನ ವಿವಿಧ ಗಣಕಗಳು ಒಂದು ಜೋಡಿ ತಂತಿಯ ಮೇಲೆಯೇ ಪರಸ್ಪರ ಮಾತನಾಡಿಕೊಳ್ಳುತ್ತವೆ. ಬೈಪಾಸ್ ಮಾಡ್ಯೂಲು ಈ ಮಾತುಕತೆಯೊಳಗೆ ಸೇರಿ, ಮೂಲ ಕೀಲಿಯಿಂದ ಒಮ್ಮೆ ಕಲಿತ ಗುರುತನ್ನು ಬೇಕಾದಾಗ ಒಪ್ಪಿಸುತ್ತದೆ. ಇದು ಅಚ್ಚುಕಟ್ಟಾದ ವ್ಯವಸ್ಥೆಯಾದರೂ ಪ್ರತಿ ಕಾರಿನ ಮಾದರಿಗೆ, ತಯಾರಾದ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ತಂತ್ರಾಂಶ ಬೇಕಾಗುತ್ತದೆ. ಇಂತಹ ಮಾಡ್ಯೂಲುಗಳಿಗೆ ಹೆಸರಾದ ಮಾಂಟ್ರಿಯಲ್ ನಗರದ ಫೋರ್ಟಿನ್‌ನಂತಹ ತಯಾರಕರ ಪಟ್ಟಿ ಸಿದ್ಧವಾಗಿರುವುದು ಮುಖ್ಯವಾಗಿ ಉತ್ತರ ಅಮೆರಿಕದ ಕಾರುಗಳಿಗಾಗಿ. ಅಲ್ಲಿಯ ಮಾದರಿಯ ಹೆಸರೂ ಇಲ್ಲಿಯ ಮಾದರಿಯ ಹೆಸರೂ ಒಂದೇ ಆಗಿದ್ದರೂ ಒಳಗಿನ ವೈರಿಂಗ್ ಒಂದೇ ಆಗಿರಬೇಕೆಂದಿಲ್ಲ. ಆದುದರಿಂದ ಅಂತರ್ಜಾಲದಲ್ಲಿ ಅಗ್ಗವಾಗಿ ಕಂಡ ಪೆಟ್ಟಿಗೆಯನ್ನು ಗ್ರಾಹಕರೇ ತರಿಸಿ ಕೊಟ್ಟಾಗ, ಭಾರತದ ಆ ಮಾದರಿಗೇ ತಯಾರಾದ ನಕ್ಷೆ ಅದರೊಡನೆ ಇಲ್ಲದಿದ್ದರೆ ಕೆಲಸವನ್ನು ನಿರಾಕರಿಸುವುದೇ ಲೇಸು. ಬಂದ ಕೂಲಿಗಿಂತ ಕೆಟ್ಟುಹೋದ ಗಣಕದ ಬೆಲೆ ಹಲವು ಪಟ್ಟು ಹೆಚ್ಚು.

ಕಾರಿನ ಅಪಘಾತಗಳ ದೃಷ್ಟಿಯಿಂದ ನೋಡಿದರೆ ಎಲ್ಲಕ್ಕಿಂತ ಗಂಭೀರವಾದುದು ಗೇರಿನ ವಿಷಯ. ನಮ್ಮ ರಸ್ತೆಗಳಲ್ಲಿ ಕೈಯಿಂದ ಗೇರು ಬದಲಿಸುವ ಕಾರುಗಳೇ ಬಹಳ. ಇಳಿಜಾರಿನಲ್ಲಿ ಮೊದಲ ಗೇರಿನಲ್ಲಿಟ್ಟು ನಿಲ್ಲಿಸುವುದು ನಮ್ಮ ಚಾಲಕರಿಗೆ ಹೇಳಿಕೊಟ್ಟ ಒಳ್ಳೆಯ ಅಭ್ಯಾಸವೇ. ಅಂತಹ ಕಾರಿನ ಸೆಲ್ಫ್ ಮೋಟಾರು ತಿರುಗಿದರೆ ಕಾರು ಮುಂದಕ್ಕೆ ಹಾರುತ್ತದೆ. ಎಂಜಿನ್ ಹತ್ತಿಕೊಂಡರೆ ನಿಲ್ಲುವುದೂ ಇಲ್ಲ. ಮುಂದೆ ಗೋಡೆಯಿರಬಹುದು, ಅಂಗಳದಲ್ಲಿ ಆಡುತ್ತಿರುವ ಮಗುವಿರಬಹುದು. ಕ್ಲಚ್ ಒತ್ತದೆ ಸ್ಟಾರ್ಟ್ ಆಗಬಾರದೆಂಬ ಕಂಪನಿಯ ರಕ್ಷಣೆಯನ್ನು ತಂತಿಯೊಂದನ್ನು ಜೋಡಿಸಿ ಶಾಶ್ವತವಾಗಿ ರದ್ದುಮಾಡುವ ಕೆಲಸಗಾರರೂ ಇದ್ದಾರೆ. ಇದು ಅಕ್ಷಮ್ಯ. ಉತ್ತಮ ಸ್ಟಾರ್ಟರುಗಳಲ್ಲಿ ಇದಕ್ಕೆ ಪ್ರತ್ಯೇಕ ಕ್ರಮವಿದೆ: ಎಂಜಿನ್ ಓಡುತ್ತಿರುವಾಗಲೇ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಚಾಲಕ ಕೆಳಗಿಳಿದು ಬಾಗಿಲು ಮುಚ್ಚಿದ ಮೇಲೆಯೇ ಎಂಜಿನ್ ತಾನಾಗಿ ನಿಲ್ಲಬೇಕು, ಮುಂದೆ ಯಾವ ಬಾಗಿಲು ತೆರೆದರೂ ದೂರದ ಚಾಲನೆ ರದ್ದಾಗಬೇಕು. ಈ ಕ್ರಮವಿಲ್ಲದ ಪೆಟ್ಟಿಗೆಯನ್ನು ಮ್ಯಾನುಯಲ್ ಗೇರಿನ ಕಾರಿಗೆ ಹಾಕಲೇಬಾರದು.

ಬಾನೆಟ್ ಸ್ವಿಚ್ಚಿನ ಮಾತೂ ಇದೇ ಬಗೆಯದು. ಪಂಪ್‌ಸೆಟ್ ಮನೆಯಲ್ಲಿ ಬೆಲ್ಟ್ ಮುಟ್ಟುವ ಮುನ್ನ ಆಟೋ ಸ್ಟಾರ್ಟರು ತಪ್ಪಿಸಬೇಕೆಂಬುದು ಎಲ್ಲರಿಗೂ ಗೊತ್ತು. ಬಾನೆಟ್ ತೆರೆದು ಫ್ಯಾನ್ ಬೆಲ್ಟಿನ ಬಳಿ ಕೈಯಿಟ್ಟಿರುವ ಮೆಕ್ಯಾನಿಕ್ಕಿಗೂ ಅಷ್ಟೇ ರಕ್ಷಣೆ ಬೇಕಲ್ಲವೇ?

ಕಾರು ನಿಂತಿರುವ ಸ್ಥಳದ ಕುರಿತು ಗ್ರಾಹಕರಿಗೆ ತಿಳಿಹೇಳುವುದು ಸಹ ಉದ್ಯಮಿಯ ಹೊಣೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿಕೊಂಡು ಪಕ್ಕದ ಕೋಣೆಯಲ್ಲಿ ಮಲಗಿರುವವರ ಪ್ರಾಣಕ್ಕೇ ಎರವಾಗಬಹುದು. ಹಳ್ಳಿಗಳಲ್ಲಿ ಇನ್ನೊಂದು ಅಪಾಯವಿದೆ. ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪು ಕಾರಿನಡಿ ಸಿಲುಕಿ ಬೆಂಕಿ ಹೊತ್ತಿಕೊಂಡ ಪ್ರಕರಣಗಳು ನಮ್ಮ ರಾಜ್ಯದಲ್ಲಿ ವರದಿಯಾಗಿವೆ. ಹುಲ್ಲಿನ ಮೆದೆಯ ಪಕ್ಕದಲ್ಲಿ, ಒಣ ಸೋಗೆಯ ಮೇಲೆ ನಿಂತ ಕಾರಿನ ಬಿಸಿ ಸೈಲೆನ್ಸರು ಯಾರ ಕಣ್ಣಿಗೂ ಬೀಳದೆ ಹತ್ತು ನಿಮಿಷ ಕಾಯುವುದು ಕ್ಷೇಮಕರವಲ್ಲ.

ಕಾನೂನಿನ ಕಡೆಗೂ ಗಮನ ಅವಶ್ಯ. 1988ರ ಮೋಟಾರು ವಾಹನ ಅಧಿನಿಯಮದ 126ನೆಯ ಪ್ರಕರಣದಂತೆ, ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕ ಸ್ಥಾನದಲ್ಲಿ ಪರವಾನಗಿಯುಳ್ಳ ವ್ಯಕ್ತಿ ಇರಬೇಕು. ಇಲ್ಲವೇ ಯಂತ್ರವನ್ನು ನಿಲ್ಲಿಸಿ ಬ್ರೇಕು ಹಾಕಿರಬೇಕು, ಅಥವಾ ವಾಹನವು ಆಕಸ್ಮಿಕವಾಗಿ ಚಲಿಸದಂತೆ ಅನ್ಯ ಕ್ರಮ ಕೈಗೊಂಡಿರಬೇಕು. ಸಂತೆ ಬೀದಿಯಲ್ಲಿ ಆಳಿಲ್ಲದ ಕಾರನ್ನು ಚಾಲೂ ಮಾಡಿ ಏನಾದರೂ ಅನಾಹುತವಾದಲ್ಲಿ ಈ ಪ್ರಕರಣ ಮಾಲೀಕನ ಎದುರು ನಿಲ್ಲುತ್ತದೆ. 52ನೆಯ ಪ್ರಕರಣವು ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಮೂದಿಸಿದುದಕ್ಕಿಂತ ಭಿನ್ನವಾಗುವಂತಹ ಮಾರ್ಪಾಟನ್ನು ನಿಷೇಧಿಸುತ್ತದೆ. ಸ್ಟಾರ್ಟರು ಆ ವಿವರಗಳನ್ನು ಬದಲಿಸದೆಂಬುದು ಈ ಲೇಖಕನ ಅಭಿಪ್ರಾಯವಾದರೂ, 2019ರ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ತಲಾ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಿರುವುದರಿಂದ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಲಿಖಿತ ಅಭಿಪ್ರಾಯ ಪಡೆಯುವುದು ಸೂಕ್ತ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಸೇವೆ ಒದಗಿಸಿದವರೂ ಹೊಣೆಗಾರರಾಗುತ್ತಾರೆ. ಖಾತರಿ ಅವಧಿಯಲ್ಲಿರುವ ಕಾರಿನ ವೈರಿಂಗಿಗೆ ಕೈಹಾಕಿದರೆ ಆ ಭಾಗದ ಖಾತರಿ ಕೈತಪ್ಪಬಹುದೆಂದು, ಮಾರ್ಪಾಟನ್ನು ವಿಮಾ ಕಂಪನಿಗೆ ತಿಳಿಸಬೇಕೆಂದು ಬರೆದು ಗ್ರಾಹಕರ ಸಹಿ ಪಡೆದಿಡತಕ್ಕದ್ದು.

ಹೊಸ ಕಾರು ಕೊಳ್ಳಲಿರುವವರಿಗೆ ಬೇರೆ ಸಲಹೆ ನೀಡಬಹುದು. 2019ರಲ್ಲಿ ಬಂದ ಹುಂಡೈ ವೆನ್ಯೂವಿನಿಂದ ಮೊದಲ್ಗೊಂಡು ಹಲವು ಕಂಪನಿಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಮೊಬೈಲಿನಿಂದ ಎಂಜಿನ್ ಚಾಲೂ ಮಾಡುವ ಸೌಲಭ್ಯ ಕಾರ್ಖಾನೆಯಲ್ಲಿಯೇ ಸೇರಿಕೊಂಡಿದೆ. ವಿದ್ಯುತ್ ಕಾರುಗಳಲ್ಲಿ ಎಂಜಿನ್ನಿನ ಗೊಡವೆಯೇ ಇಲ್ಲದೆ ಏಸಿಯನ್ನು ಮಾತ್ರ ಓಡಿಸಬಹುದು.

ಕೆಲಸ ಒಪ್ಪಿಕೊಂಡವರು ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪನ್ನು ಪಕ್ಕಕ್ಕಿಟ್ಟು ಡಿಜಿಟಲ್ ಮಲ್ಟಿಮೀಟರನ್ನೇ ಬಳಸಬೇಕು; ಹಳದಿ ಹೊದಿಕೆಯ ಏರ್‌ಬ್ಯಾಗ್ ತಂತಿಗಳ ಹತ್ತಿರವೂ ಸುಳಿಯಬಾರದು. ಜೋಡಣೆಗಳನ್ನು ಬೆಸುಗೆ ಹಾಕಿ ಮುಚ್ಚಬೇಕು, ಪೆಟ್ಟಿಗೆಗೆ ಪ್ರತ್ಯೇಕ ಫ್ಯೂಸ್ ಇರಬೇಕು. ಒಪ್ಪಿಸುವ ಮುನ್ನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಪರೀಕ್ಷಿಸತಕ್ಕದ್ದು: ಬಾನೆಟ್ ತೆರೆದಾಗ ಚಾಲೂ ಆಗಬಾರದು, ಓಡುತ್ತಿರುವಾಗ ಕೀಲಿಯಿಲ್ಲದೆ ಬ್ರೇಕು ತುಳಿದರೆ ನಿಲ್ಲಬೇಕು, ಯಾರೂ ಬರದಿದ್ದರೆ ನಿಗದಿಪಡಿಸಿದ ಹತ್ತು ಹದಿನೈದು ನಿಮಿಷಕ್ಕೆ ತಾನೇ ಆರಬೇಕು. ಇವೆಲ್ಲವನ್ನೂ ಮಾಲೀಕರ ಎದುರಿನಲ್ಲಿಯೇ ನಡೆಸಿ, ಬಿಲ್ಲಿನ ಹಿಂಬದಿಯಲ್ಲಿ ಬರೆದು ಕೊಡುವುದು ಒಳ್ಳೆಯದು.