ಕಲ್ಲನ್ನು ಒಣಗಲು ಬಿಡಬೇಡ

ಶಿವಾಲಿಕ್ ಬೆಟ್ಟಗಳಲ್ಲಿ ಸುರಂಗದ ಕೆಲಸಕ್ಕೆ ಹೊರಟಿದ್ದೀಯ ಎಂದು ತಿಳಿದು ಖುಷಿಯಾಯಿತು, ಮಗೂ. ಗ್ರಾನೈಟು, ಗ್ನೈಸ್ ನೋಡಿ ಪಳಗಿದ ಕಣ್ಣು ನಿನ್ನದು. ಅವು ಮಳೆಗೆ ನೆನೆದರೂ ಬಿಸಿಲಿಗೆ ಕಾದರೂ ಒಂದು ಕಾಮಗಾರಿ ಮುಗಿಯುವಷ್ಟರಲ್ಲಿ ಬದಲಾಗುವ ಕಲ್ಲುಗಳಲ್ಲ. ಅಲ್ಲಿನ ಜೇಡಿಶಿಲೆಯ ಸ್ವಭಾವವೇ ಬೇರೆ. ಭಾಕ್ರಾ ಅಣೆಕಟ್ಟಿನ ಬುಡದಲ್ಲಿ ಈ ಜಾತಿಯ ಪಟ್ಟೆಗಳು ಸಿಕ್ಕಾಗ ಅಗೆದು ತೆಗೆದು ಕಾಂಕ್ರೀಟು ತುಂಬಬೇಕಾಯಿತು. ಹೊರಡುವ ಮುಂಚೆ ನನ್ನದೊಂದೇ ಮಾತು ಕೇಳು: ಆ ಕಲ್ಲನ್ನು ಒಣಗಲು ಬಿಡಬೇಡ.

ನೀರು ತಾಗಿದರೆ ಜೇಡಿಶಿಲೆ ಕೆಟ್ಟಿತು ಎಂದು ಸೈಟಿನಲ್ಲಿ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಆಗತಾನೇ ಕೊರೆದು ತೆಗೆದ ಗಟ್ಟಿ ಕಲ್ಲಿನ ಕೋರಿನಿಂದ ಎರಡು ಚೂರು ತೆಗೆದುಕೊ. ಒಂದನ್ನು ಕೂಡಲೇ ನೀರಿನ ಗಾಜಿನ ಲೋಟಕ್ಕೆ ಹಾಕು. ಇನ್ನೊಂದನ್ನು ಚೆನ್ನಾಗಿ ಒಣಗಿಸಿ ಆಮೇಲೆ ಹಾಕು. ಹಸಿ ಚೂರು ಬಹುಮಟ್ಟಿಗೆ ಹಾಗೇ ಕೂತಿರುತ್ತದೆ. ಒಣಗಿದ ಚೂರಿನಿಂದ ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ, ಪದರದ ಗುಂಟ ಕೂದಲೆಳೆಯಂಥ ಬಿರುಕು ಕಾಣುತ್ತದೆ, ಅಂಚುಗಳು ಹಾಳೆಹಾಳೆಯಾಗಿ ಕಳಚುತ್ತವೆ. ನೋಡನೋಡುತ್ತ ಲೋಟದ ತಳದಲ್ಲಿ ಪುಡಿಯ ಗುಡ್ಡೆ. ಒಣಗಿದಾಗ ರಂಧ್ರಗಳಿಗೆ ಗಾಳಿ ಹೊಕ್ಕಿತ್ತು. ನೀರು ಸುತ್ತಲಿಂದ ನುಗ್ಗಿ ಆ ಗಾಳಿಯನ್ನು ಒಳಗೇ ಸಿಕ್ಕಿಸಿ ಒತ್ತಿತು. ಜೊತೆಗೆ ಜೇಡಿಯ ಖನಿಜಗಳು ನೀರು ಕುಡಿದು ಉಬ್ಬಿದವು. ಒಣಗುವಾಗಲೇ ಹುಟ್ಟಿದ್ದ ಬಿರುಕುಗಳು ಎರಡಕ್ಕೂ ದಾರಿ ಕೊಟ್ಟವು.

ಇದರಲ್ಲಿ ನಿನಗೆ ಮೋಸ ಮಾಡುವ ಸಂಗತಿಯೊಂದಿದೆ. ಒಣಗಿದ ಜೇಡಿಶಿಲೆ ಪರೀಕ್ಷಾ ಯಂತ್ರದಲ್ಲಿ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ! ಸುತ್ತಲ ಗಾಳಿಯ ತೇವಾಂಶ ಶೇಕಡ 90ಕ್ಕೆ ಇಳಿದರೆ ರಂಧ್ರದ ನೀರಿನಲ್ಲಿ ಸುಮಾರು 14 ಮೆಗಾಪ್ಯಾಸ್ಕಲ್ ಸಕ್ಷನ್ ಹುಟ್ಟುತ್ತದೆ. ಶೇಕಡ 50ಕ್ಕೆ ಇಳಿದರೆ ಸುಮಾರು 94. ಆ ಎಳೆತ ಕಣಗಳನ್ನು ಒಂದಕ್ಕೊಂದು ಬಿಗಿಯುವುದರಿಂದ ಬಲವೂ ಬಿಗುವೂ ಏರುತ್ತವೆ. ಒಣ ಮಾದರಿಯ ಬಲ ಹಸಿಯದರ ಎರಡು ಪಟ್ಟು ದಾಟಿದ್ದೂ ಉಂಟು. ಆ ಅಂಕಿಯನ್ನು ನಂಬಿ ಆಧಾರದ ಲೆಕ್ಕ ಹಾಕಿದರೆ, ಬೆಟ್ಟದೊಳಗಿನ ಹಸಿ ಕಲ್ಲಿಗೆ ಇಲ್ಲದ ಬಲವನ್ನು ಅದರ ತಲೆಗೆ ಕಟ್ಟಿದಂತೆ. ನೀರಿನಂಶ ಬರೆಯದ ಬಲದ ಅಂಕಿಗೆ ಯಾರೇ ಕೇಳಲಿ, ಸಹಿ ಹಾಕಬೇಡ.

ಯುರೋಪಿನವರು ಇದನ್ನು ತುಂಬ ತಾಳ್ಮೆಯಿಂದ ನೋಡಿದ್ದಾರೆ. ಪರಮಾಣು ತ್ಯಾಜ್ಯವನ್ನು ಜೇಡಿಶಿಲೆಯಲ್ಲಿ ಹುಗಿಯಬಹುದೇ ಎಂದು ತಿಳಿಯಲು ಸ್ವಿಟ್ಜರ್ಲೆಂಡಿನ ಮೋಂ ತೆರಿಯಲ್ಲಿ 1996ರಿಂದ ನೆಲದಡಿ ಪ್ರಯೋಗಗಳು ನಡೆಯುತ್ತಿವೆ. ಫ್ರಾನ್ಸಿನ ಟೂರ್ನ್‌ಮೀರ್‌ನಲ್ಲಿ 19ನೇ ಶತಮಾನದ ರೈಲು ಸುರಂಗವೊಂದರಿಂದ ಕವಲು ಸುರಂಗಗಳನ್ನು ಕೊರೆದಿದ್ದಾರೆ. ನಮ್ಮ ವಿಜಯಪುರದ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟರೆ, ಆ ಸುರಂಗಗಳ ಗೋಡೆ ಚಳಿಗಾಲದಲ್ಲಿ ಬಿರಿಯುತ್ತದೆ. ಹೊರಗಿನ ತಣ್ಣನೆ ಗಾಳಿಯಲ್ಲಿ ಆವಿ ಕಡಿಮೆ. ಒಳಗೆ ಬಂದು ಬೆಚ್ಚಗಾದಂತೆ ಅದು ಗೋಡೆಯ ನೀರನ್ನು ಹೀರುತ್ತದೆ. ಬೇಸಿಗೆಯ ತೇವದ ಗಾಳಿ ಒಳಗೆ ತಣ್ಣಗಾದಾಗ ಬಿರುಕು ಮುಚ್ಚಿಕೊಳ್ಳುತ್ತದೆ. ಮುಚ್ಚಿತು ಎಂದರೆ ಬೆಸೆಯಿತು ಎಂದಲ್ಲ. ಹಿಮಾಲಯದ ಚಳಿಯಲ್ಲಿ ಫ್ಯಾನು ಹಾಕಿ ಗಾಳಿ ಊದುವ ನೀನು ಇದನ್ನು ಮರೆಯಲೇಬಾರದು.

ಕೋರು ಹೊರಬಂದ ಕೆಲವೇ ನಿಮಿಷಗಳಲ್ಲಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ ಮೇಣ ಬಳಿ. ಫೋಟೋ, ವಿವರ ಎಲ್ಲ ಬೇಗ ಮುಗಿಯಲಿ. ಡಬ್ಬಿ ತೆರೆದಿಟ್ಟು ಊಟಕ್ಕೆ ಹೋಗುವ ಪದ್ಧತಿ ನಿನ್ನ ಕಡೆ ಬೇಡ. ಅಗೆದ ಮುಖಕ್ಕೆ ಅಂದೇ ಶಾಟ್‌ಕ್ರೀಟಿನ, ಅಂದರೆ ಎರಚುವ ಕಾಂಕ್ರೀಟಿನ, ತೆಳು ಪದರ ಬೀಳಲಿ. ಅಡಿಪಾಯ ತೆರೆದಿದ್ದರೆ ಕೊನೆಯ ಒಂದಡಿಯನ್ನು ಕಾಂಕ್ರೀಟು ಬರುವ ದಿನದವರೆಗೂ ಅಗೆಯಬೇಡ. ಕುಗ್ಗುವುದನ್ನೂ ಉಬ್ಬುವುದನ್ನೂ ಪದರಕ್ಕೆ ಅಡ್ಡಲಾಗಿ, ಉದ್ದಕ್ಕೆ ಬೇರೆಬೇರೆಯಾಗಿ ಅಳೆ. ಅಡ್ಡಲಾಗಿಯೇ ಹೆಚ್ಚು ಇರುತ್ತದೆ. 1972ರಲ್ಲಿ ಫ್ರಾಂಕ್ಲಿನ್ ಮತ್ತು ಚಂದ್ರ ರೂಪಿಸಿದ ಸ್ಲೇಕ್ ಪರೀಕ್ಷೆಯಲ್ಲಿ ಚೂರುಗಳನ್ನು ಒಲೆಯಲ್ಲಿ ಒಣಗಿಸಿ, 2 ಮಿ.ಮೀ. ಜಾಲರಿಯ ಡ್ರಮ್ಮಿನಲ್ಲಿ ನೀರಿನೊಳಗೆ ಹತ್ತು ನಿಮಿಷ ತಿರುಗಿಸುತ್ತಾರೆ. ಹೀಗೆ ಒಣಗಿಸಿ ತಿರುಗಿಸುವುದನ್ನು ಎಲ್ಲರೂ ಎರಡು ಸಲಕ್ಕೆ ನಿಲ್ಲಿಸುತ್ತಾರೆ. ನೀನು ನಾಲ್ಕೈದು ಸಲ ಮಾಡು. ಎರಡರಲ್ಲಿ ಗಟ್ಟಿ ಅನ್ನಿಸಿದ್ದು ಮುಂದೆ ಕುಸಿಯುವುದುಂಟು.

ಅಷ್ಟಾಗಿಯೂ ಮಾದರಿ ಒಣಗಿಹೋದರೆ ಗಾಬರಿಯಿಂದ ಬಕೆಟ್ಟಿಗೆ ಅದ್ದಬೇಡ. ಪೊಟ್ಯಾಸಿಯಂ ಸಲ್ಫೇಟಿನ ಪರ್ಯಾಪ್ತ ದ್ರಾವಣವಿಟ್ಟ ಮುಚ್ಚಿದ ಪಾತ್ರೆಯಲ್ಲಿ ಇಡು. ಒಳಗಿನ ತೇವಾಂಶ ಶೇಕಡ 97ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತೂಕ ಏರುವುದು ನಿಲ್ಲುವವರೆಗೆ, ವಾರಗಳೇ ಹಿಡಿದರೂ, ಕಾಯಿ. ಆಮೇಲೂ ವರದಿಯಲ್ಲಿ ಅದರ ಹೆಸರಿನ ಮುಂದೆ "ಒಮ್ಮೆ ಒಣಗಿದ್ದು" ಎಂದು ಬರೆ.