ಅರವತ್ತು ಮಂದಿಗೆ ವಗ್ಗರಣಿ, ಅರ್ಧ ಎಣ್ಣೆಯಲ್ಲಿ

ರಾಜ್ಯೋತ್ಸವದ ದಿನ ಬೆಳಗಿನ ತಿಂಡಿಗೆ ಏನು ಮಾಡೋಣ ಅಂತ ಸಂಘದವರೆಲ್ಲ ಕೂತಾಗ ಫಸ್ಟ್ ಇಯರಿನವರೊಬ್ಬರು "ಲಸಾನ್ಯ" ಅಂದರು. ಅರವತ್ತು ಮಂದಿಗೆ ಓವನ್ ಎಲ್ಲಿಂದ ತರೋದು, ಚೀಸಿಗೆ ದುಡ್ಡು ಎಲ್ಲಿಂದ ತರೋದು? ಬಳ್ಳಾರಿಯಲ್ಲಿ ಮಂದಿಗೆ ಮಾಡೋ ತಿಂಡಿ ಅಂದ್ರೆ ವಗ್ಗರಣಿ-ಮಿರ್ಚಿನೇ. ತೆಲುಗು ಮಾತಾಡೋ ಮನೆಗಳಲ್ಲಿ ಉಗ್ಗಾಣಿ, ಧಾರವಾಡದ ಕಡೆ ಸುಸಲಾ. ಹೆಸರು ಯಾವುದೇ ಇರಲಿ, ನೆನೆಸಿ ಹಿಂಡಿದ ಮಂಡಕ್ಕಿಗೆ ಹಾಕಿದ ಒಗ್ಗರಣೆ.

ಆದರೆ ಹೋದ ವರ್ಷದ್ದು ನಮಗೆ ನೆನಪಿತ್ತು. ಮನೆಯ ಅಳತೆಯನ್ನು 15ರಿಂದ ಗುಣಿಸಿ ಹಾಕಿದ್ದೆವು. ತಟ್ಟೆಯಲ್ಲಿ ಎಣ್ಣೆ ನಿಂತಿತು, ಮಂಡಕ್ಕಿ ಮುದ್ದೆಯಾಯಿತು, ಕಾಲುಭಾಗ ತೊಟ್ಟಿಗೆ ಹೋಯಿತು. ಸಿರುಗುಪ್ಪದ ನಮ್ಮ ಗೆಳೆಯನ ಮನೆಯಲ್ಲಿ ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೀತಾರೆ. ನಾವು ಪಾತ್ರೆ ಬಗ್ಗಿಸುವಾಗ ಅವನು ಏನೂ ಅನ್ನಲಿಲ್ಲ, ಎದ್ದು ಹೊರಗೆ ಹೋದ. ಹಾಗಾಗಿ ಈ ಸಲ ಒಲೆ ಹಚ್ಚುವ ಮೊದಲು ಲೆಕ್ಕ ಹಾಕಿದೆವು.

ಎಣ್ಣೆಯ ಲೆಕ್ಕ

ಮನೆಯಲ್ಲಿ 4 ಮಂದಿಗೆ 4 ಟೇಬಲ್ ಚಮಚ, ಅಂದರೆ 60 ಮಿಲಿ ಎಣ್ಣೆ. ನೇರವಾಗಿ ಗುಣಿಸಿದರೆ 60 ಮಂದಿಗೆ 900 ಮಿಲಿ. ಆದರೆ ಒಗ್ಗರಣೆಯಲ್ಲಿ ಎಣ್ಣೆ ಪಾತ್ರೆಯ ತಳವನ್ನು ತೆಳ್ಳಗೆ ಮುಚ್ಚಿದರೆ ಸಾಕು. ಅಂದರೆ ಅದು ತಳದ ವಿಸ್ತೀರ್ಣಕ್ಕೆ ಸೇರಿದ್ದು, ಅಡುಗೆಯ ಗಾತ್ರಕ್ಕಲ್ಲ. ಒಂದೇ ಆಕಾರದ ಪಾತ್ರೆಗಳಲ್ಲಿ ವಿಸ್ತೀರ್ಣ ಹೆಚ್ಚುವುದು ಗಾತ್ರದ 2/3 ಘಾತದಂತೆ.

ನಾವು 30 ಮಂದಿಯಂತೆ ಎರಡು ಸಲ ಮಾಡಿದೆವು. ಒಂದು ಸಲಕ್ಕೆ ಗಾತ್ರ 7.5 ಪಟ್ಟು, ತಳ ಸುಮಾರು 3.8 ಪಟ್ಟು. ಎಣ್ಣೆ 230 ಮಿಲಿ, ಎರಡೂ ಸೇರಿ 460. ತಲೆಗೆ 15 ಮಿಲಿ ಇದ್ದದ್ದು 8ರೊಳಗೆ ಬಂತು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಹಾಗಾಗಿ ಒಬ್ಬೊಬ್ಬರ ತಟ್ಟೆಯಲ್ಲಿ ಸುಮಾರು 60 ಕ್ಯಾಲೊರಿ ಇಳಿಯಿತು.

ಮೆಸ್ಸಿನ ಅಕ್ಕ ಮಾತ್ರ ನಂಬಲಿಲ್ಲ. "ಎಣ್ಣಿ ಕಡಿಮಿ ಹಾಕಿದ್ರ ಉಳ್ಳಾಗಡ್ಡಿ ಸೀದು ಹೋಗ್ತೈತ್ರಪ್ಪ" ಅಂದರು. ಮಾತು ಸರಿಯೇ. ಅದಕ್ಕೇ ಉಪ್ಪು, ಮುಚ್ಚಳ ಎರಡನ್ನೂ ಬಳಸಿದೆವು. ಉಳ್ಳಾಗಡ್ಡಿಯಲ್ಲಿ ಹೆಚ್ಚುಕಡಿಮೆ 90 ಭಾಗ ನೀರೇ. ಉಪ್ಪು ಅದನ್ನು ಹೊರಗೆ ಎಳೆಯುತ್ತದೆ, ಮುಚ್ಚಳ ಆವಿಯನ್ನು ಹಿಡಿಯುತ್ತದೆ.

ಸಾಮಾನು (60 ಮಂದಿಗೆ)

ಮಂಡಕ್ಕಿ 3 ಕಿಲೊ, ಉಳ್ಳಾಗಡ್ಡಿ 2.5 ಕಿಲೊ, ಟೊಮ್ಯಾಟೊ 1.5 ಕಿಲೊ, ಹಸಿಮೆಣಸಿನಕಾಯಿ 250 ಗ್ರಾಂ, ಶೇಂಗಾ 500 ಗ್ರಾಂ, ಪುಟಾಣಿ ಪುಡಿ 500 ಗ್ರಾಂ, ನಿಂಬೆಹಣ್ಣು 15, ಎಣ್ಣೆ 460 ಮಿಲಿ. ಜೊತೆಗೆ ಸಾಸಿವೆ, ಜೀರಿಗೆ, ಅರಿಶಿನ, ಕರಿಬೇವು, ಕೊತ್ತಂಬರಿ. ಮಂಡಕ್ಕಿಯಲ್ಲೇ ಉಪ್ಪು ಇರುತ್ತದೆ, ರುಚಿ ನೋಡಿ ಹಾಕಿ.

ಮಾಡೋ ರೀತಿ

1. ಶೇಂಗಾವನ್ನು ಎಣ್ಣೆ ಇಲ್ಲದೆ ಹುರಿದಿಡಿ.

2. ಅಗಲ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು, ಮೆಣಸಿನಕಾಯಿ ಹಾಕಿ. ಆಮೇಲೆ ಉಳ್ಳಾಗಡ್ಡಿ, ಉಪ್ಪು. ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಟೊಮ್ಯಾಟೊ, ಅರಿಶಿನ ಕೊನೆಗೆ.

3. ಮಂಡಕ್ಕಿಯನ್ನು ಅರ್ಧರ್ಧ ಕಿಲೊ ಮಾತ್ರ ನೆನೆಸಿ. ಬಿಸಿ ಮರಳಲ್ಲಿ ಉಬ್ಬಿದ ಕಾಳಿನ ಒಳಗೆಲ್ಲ ತೂತು, ನೀರು ಕ್ಷಣದಲ್ಲಿ ನುಗ್ಗುತ್ತದೆ. ಹದಿನೈದು ಎಣಿಸುವಷ್ಟರಲ್ಲಿ ಎತ್ತಿ ಹಿಂಡಿ. ಹೋದ ವರ್ಷ ಒಟ್ಟಿಗೆ ನೆನೆಸಿದ್ದೇ ಮುದ್ದೆಯಾಗಲು ಕಾರಣ: ಕೊನೆಯ ಹಿಡಿ ಹಿಂಡುವ ಹೊತ್ತಿಗೆ ಅದು ಐದು ನಿಮಿಷ ನೆಂದಿತ್ತು.

4. ಒಲೆ ಆರಿಸಿ, ಮಂಡಕ್ಕಿ ಹಾಕಿ ಕೆಳಗಿನಿಂದ ಮೇಲಕ್ಕೆ ತಿರುವಿ. ಪುಟಾಣಿ ಪುಡಿ ಉಳಿದ ಪಸೆಯನ್ನು ಹೀರುತ್ತದೆ. ಶೇಂಗಾ, ನಿಂಬೆರಸ, ಕೊತ್ತಂಬರಿ ಬೆರೆಸಿ ಕೂಡಲೇ ಬಡಿಸಿ.

ಮಿರ್ಚಿ ಬಿಡೋಣ ಅಂದಾಗ ಕುರುಗೋಡಿನ ಗೆಳತಿ ಜಗಳಕ್ಕೇ ಬಂದಳು. ತಮ್ಮ ಹೊಲದ ಮೆಣಸಿನಕಾಯಿ ಅವಳೇ ತಂದಿದ್ದಳು. ತಲೆಗೆ ಒಂದೇ ಅಂತ ರಾಜಿ ಆಯಿತು. ಹಿಟ್ಟಿನ ಹನಿ ಹಾಕಿದ ಕೂಡಲೇ ಮೇಲೆ ಬರುವಷ್ಟು ಎಣ್ಣೆ ಕಾದಿರಲಿ. ಕಾಯದ ಎಣ್ಣೆಯಲ್ಲಿ ಬಿಟ್ಟರೆ ಮಿರ್ಚಿ ಎಣ್ಣೆ ಕುಡಿಯುತ್ತದೆ.

ನಿಮ್ಮಲ್ಲಿ ನೂರು ಮಂದಿ ಇದ್ದರೆ ಒಂದೇ ದೊಡ್ಡ ಪಾತ್ರೆಗೆ ಆಸೆಪಡಬೇಡಿ. ಮೇಲಿನ ಭಾರಕ್ಕೆ ಕೆಳಗಿನ ಮಂಡಕ್ಕಿ ನುಗ್ಗಾಗುತ್ತದೆ. ಮೂರು ಸಲ ಮಾಡಿ.

ಈ ಸಲ ಸಿರುಗುಪ್ಪದ ಗೆಳೆಯನೇ ಬಡಿಸಲು ನಿಂತಿದ್ದ. ಒಂಬತ್ತೂವರೆಗೆ ಪಾತ್ರೆಯ ತಳ ಕಂಡಿತು. ತೊಟ್ಟಿಗೆ ಹೋದದ್ದು ಹಿಂಡಿದ ನಿಂಬೆಯ ಸಿಪ್ಪೆ, ಮಿರ್ಚಿಯ ತೊಟ್ಟು, ಇಷ್ಟೇ.